ಜನಸಂದರ್ಶನಕ್ಕೆ ನಿಯತಕಾಲ



ಹತ್ತು ಜನರ ಕಾರ್ಯವನ್ನು ಹೊತ್ತವನ ಬಾಗಿಲು ಸದಾ ತೆರೆದಿರಬೇಕೆಂಬುದು ನಾಡಿನ ವಾಡಿಕೆಯ ಮಾತು. ಮಾತೇನೋ ಸೊಗಸಾದುದೇ. ಆದರೆ ಎಲ್ಲ ಹೊತ್ತಿನಲ್ಲಿಯೂ ಎಲ್ಲರಿಗೂ ಸಿಗುವೆನೆಂದು ಹೊರಟವನು ಕಡೆಗೆ ಯಾರಿಗೂ ಪೂರ್ಣವಾಗಿ ಸಿಗಲಾರನು. ಎದುರಿಗೆ ಕುಳಿತವನ ಅಹವಾಲು ಅರ್ಧವಾಗಿರುವಾಗಲೇ ಹೊಸ್ತಿಲಲ್ಲಿ ಮತ್ತೊಬ್ಬನು ಕೆಮ್ಮುತ್ತಾನೆ. ಅತ್ತ ಮುಖ ತಿರುಗಿಸಿದೊಡನೆ ಮೊದಲಿನವನ ಕಾಗದವು ಮೇಜಿನ ಮೇಲೆಯೇ ಉಳಿದುಹೋಗುತ್ತದೆ. ಬಸವಾಪಟ್ಟಣದಂತಹ ಹೋಬಳಿಯ ಊರಿನಲ್ಲಿ ಪಂಚಾಯತಿಯಲ್ಲಾಗಲಿ, ನಾಡಕಚೇರಿಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ದುಡಿಯುವವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಹಿರಿಯರು ಇದಕ್ಕೆ ಉಪಾಯವನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ಅದೇ ಸಂತೆ. (ಇದೇ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರು ತನ್ನ ಹೆಸರಿನಲ್ಲಿಯೇ ಅದನ್ನು ಹೊತ್ತುಕೊಂಡಿದೆ.) ವಾರ ಗೊತ್ತಾಗಿರುವುದರಿಂದಲೇ ಕೊಳ್ಳುವವನೂ ಮಾರುವವನೂ ಒಂದೆಡೆ ಕೂಡುತ್ತಾರೆ. ಎಲ್ಲ ದಿನವೂ ಸಂತೆಯೆಂದರೆ ಯಾವ ದಿನವೂ ಸಂತೆ ನೆರೆಯದು.

ವ್ಯಾಜ್ಯಗಳನ್ನು ಕೇಳುವ ಕಾಯಕದಲ್ಲಿಯೂ ಇದೇ ತತ್ತ್ವವು ನಡೆದಿದೆ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠವು ನಡೆದುಬಂದಿರುವುದನ್ನು ಈ ಸೀಮೆಯ ರೈತರೆಲ್ಲರೂ ಬಲ್ಲರು. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮನಸ್ತಾಪ, ಸಾಲದ ತಕರಾರು ಎಲ್ಲವೂ ಅಲ್ಲಿಗೆ ಹೋಗುತ್ತವೆ. ವಾರವನ್ನು ಗೊತ್ತುಮಾಡಿದುದು ಪೀಠದ ಅನುಕೂಲಕ್ಕಾಗಿ ಮಾತ್ರವೆಂದು ತಿಳಿಯುವುದು ಸರಿಯಲ್ಲ. ದಿನವೇ ಗೊತ್ತಿಲ್ಲದಿದ್ದರೆ ಅಣ್ಣನು ಮಂಗಳವಾರ ಒಬ್ಬನೇ ಬಂದು ತನ್ನ ಸಂಕಟವನ್ನು ತೋಡಿಕೊಳ್ಳುವನು; ತಮ್ಮನು ಶುಕ್ರವಾರ ಬಂದು ಅದನ್ನೆಲ್ಲ ಸುಳ್ಳೆನ್ನುವನು. ಕೇಳುವವನಿಗೆ ಎರಡು ಕಥೆಗಳು ದೊರೆಯುವುವೇ ಹೊರತು ನಿಜವು ದೊರೆಯದು. ಉಭಯಪಕ್ಷಗಳೂ ಒಂದೇ ಹೊತ್ತಿಗೆ, ಹತ್ತಾರು ಜನರ ಸಮಕ್ಷಮದಲ್ಲಿ, ಮುಖಾಮುಖಿ ನಿಂತಾಗ ಉತ್ಪ್ರೇಕ್ಷೆಯು ತಾನಾಗಿ ಅಡಗುತ್ತದೆ. ಹೀಗೆ ನಿಯತಕಾಲವೆಂಬುದು ನ್ಯಾಯದ ಒಂದು ಅಂಗವೇ ಆಗಿದೆ. ಕತ್ತಲಿರುವಾಗಲೇ ಎದ್ದು ಬಸ್ಸು ಹತ್ತುವ ಬಡವನಿಗೆ ಒಂದು ದಿನದ ಕೂಲಿ ಹೋಗುವುದು ನಿಜ. ವಾರ ಖಚಿತವಾಗಿದ್ದರೆ ಹೋಗುವುದು ಒಂದು ದಿನದ್ದೇ, ಇಲ್ಲದಿದ್ದರೆ ನಾಲ್ಕು ದಿನಗಳದ್ದು.

ಸರ್ಕಾರವೂ ಇದನ್ನು ಸ್ವಲ್ಪಮಟ್ಟಿಗೆ ಅಂಗೀಕರಿಸಿದೆ. 2011ರಲ್ಲಿ ರಚಿತವಾಗಿ 2012ರಲ್ಲಿ ಜಾರಿಗೆ ಬಂದ ಸಕಾಲ ಕಾನೂನು, ಜಾತಿ ಆದಾಯಗಳ ಪ್ರಮಾಣಪತ್ರವೇ ಮೊದಲಾದ ಸೇವೆಗಳಿಗೆ ಇಂತಿಷ್ಟು ದಿನಗಳೆಂದು ವಾಯಿದೆ ಗೊತ್ತುಮಾಡಿತು. ತಪ್ಪಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳವರೆಗೆ ಪರಿಹಾರವನ್ನು ವಿಧಿಸಿತು. ಮೊತ್ತವು ಅಲ್ಪವೆನ್ನುವವರಿದ್ದಾರೆ. ಆದರೂ ಅರ್ಜಿದಾರನ ಕೈಗೆ ಒಂದು ಸಂಖ್ಯೆಯೂ ಒಂದು ತಾರೀಖೂ ಬಂದುದು ಸಣ್ಣ ವಿಷಯವಲ್ಲ. ತಾರೀಖು ತಿಳಿದವನು ದಿನಬೆಳಗಾದರೆ ಕಚೇರಿಯ ಕಟ್ಟೆಯ ಮೇಲೆ ಕುಳಿತಿರಬೇಕಾದುದಿಲ್ಲ, ಒಳಗಿನ ಗುಮಾಸ್ತನಿಗೂ "ಏನಾಯಿತು ಸ್ವಾಮಿ?" ಎಂಬ ಪ್ರಶ್ನೆಗೆ ನೂರು ಬಾರಿ ಉತ್ತರಿಸುವ ಹೊತ್ತು ಉಳಿದು, ಅದು ಕೆಲಸಕ್ಕೆ ಒದಗುತ್ತದೆ.

ಆದರೆ ವೇಳೆಯ ಫಲಕವನ್ನು ತೂಗುಹಾಕಿ ಆ ವೇಳೆಗೆ ತಾನೇ ಇಲ್ಲದಿರುವ ಅಧಿಕಾರಿಗಿಂತ, ಫಲಕವೇ ಇಲ್ಲದವನು ಮೇಲು. ಮೊದಲನೆಯವನು ನಂಬಿ ಬಂದವನ ದಿನವನ್ನು ಕದ್ದಂತಾಗುತ್ತದೆ. ಇನ್ನು ಹಾವು ಕಡಿದವನನ್ನೂ ಹೆರಿಗೆಯ ನೋವಿನವಳನ್ನೂ ವೇಳೆ ಕೇಳಿ ನಿಲ್ಲಿಸುವವರುಂಟೇ? ಅವರಿಗಾಗಿ ಬಾಗಿಲು ನಡುರಾತ್ರಿಯಲ್ಲಿಯೂ ತೆರೆಯಬೇಕು. ಉಳಿದವರನ್ನು ಗೊತ್ತಾದ ಹೊತ್ತಿಗೆ ಕರೆದವನಲ್ಲಿಯೇ, ಆ ನಡುರಾತ್ರಿ ಎದ್ದು ಬರಲು ಬೇಕಾದ ತ್ರಾಣವು ಉಳಿದಿರುತ್ತದೆ.