ಕಣ್ಣಿನ ಶಿಬಿರದಲ್ಲಿ ದೃಷ್ಟಿನರದ ಚಿತ್ರ: ಪಂಚಾಯಿತಿಯ ಪಾಲು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಮ್ಮ ಪಂಚಾಯಿತಿಗಳು ಏರ್ಪಡಿಸುವ ಕಣ್ಣಿನ ಶಿಬಿರಗಳಲ್ಲಿ ಅಕ್ಷರದ ಫಲಕವನ್ನು ಓದಿಸಲಾಗುತ್ತದೆ. ಪೊರೆ ಬಂದವರನ್ನು ಶಸ್ತ್ರಚಿಕಿತ್ಸೆಗೆ ಕಳುಹಿಸಲಾಗುತ್ತದೆ. ಅಗತ್ಯವಿದ್ದವರಿಗೆ ಕನ್ನಡಕ ದೊರೆಯುತ್ತದೆ. ಈ ಕಾರ್ಯ ಮುಂದುವರಿಯಲೇಬೇಕು. ಆದರೆ ಫಲಕದ ಕೊನೆಯ ಸಾಲನ್ನು ತಪ್ಪಿಲ್ಲದೆ ಓದಿದವರ ಕಣ್ಣಿನಲ್ಲಿಯೂ ದೃಷ್ಟಿನರವು ಸವೆಯುತ್ತಿರಬಹುದು. ನಾನು ವೈದ್ಯನಲ್ಲ, ಎಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದವನು. ಆದುದರಿಂದ ಚಿಕಿತ್ಸೆಗಿಂತ ಹೆಚ್ಚಾಗಿ ಅಳತೆಯ ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಕಣ್ಣಿನ ಹಿಂಬದಿಯ ಒಳಗೋಡೆಯಲ್ಲಿರುವ ತೆಳುವಾದ ಪದರವೇ ಅಕ್ಷಿಪಟಲ. ಅಲ್ಲಿಂದ ಸುಮಾರು 10ರಿಂದ 12 ಲಕ್ಷ ಎಳೆಗಳು ಒಂದುಗೂಡಿ ದೃಷ್ಟಿನರವಾಗಿ ಮೆದುಳಿನತ್ತ ಸಾಗುತ್ತವೆ. ನಮ್ಮ ಕಚೇರಿಗಳಿಗೆ ಬಂದಿರುವ ಆಪ್ಟಿಕಲ್ ಫೈಬರ್ ಕೇಬಲ್ಲಿನಂತೆಯೇ ಇದೂ ಎಳೆಗಳ ಕಟ್ಟು. ವ್ಯತ್ಯಾಸವೊಂದಿದೆ: ತುಂಡಾದ ಕೇಬಲನ್ನು ಜೋಡಿಸಬಹುದು; ಸತ್ತ ನರದ ಎಳೆಯನ್ನು ಮತ್ತೆ ಬೆಳೆಸುವ ಚಿಕಿತ್ಸೆ ಇಂದಿಗೂ ಇಲ್ಲ.

ಈ ಎಳೆಗಳನ್ನು ಕೊಲ್ಲುವ ರೋಗಗಳಲ್ಲಿ ಮುಖ್ಯವಾದುದು ಗ್ಲಾಕೋಮಾ. ಇದರ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ವ್ಯಕ್ತಿ ಪತ್ರಿಕೆ ಓದುತ್ತಾರೆ, ಹಣ ಎಣಿಸುತ್ತಾರೆ; ಆದರೆ ಪಕ್ಕದಿಂದ ಬರುವ ಬೈಕು ಕಾಣುವುದಿಲ್ಲ. ನಮ್ಮ ದೇಶದ ಸಮುದಾಯ ಸಮೀಕ್ಷೆಗಳಲ್ಲಿ ಪತ್ತೆಯಾದ ಗ್ಲಾಕೋಮಾ ರೋಗಿಗಳ ಪೈಕಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ತಮಗೆ ರೋಗವಿರುವುದೇ ತಿಳಿದಿರಲಿಲ್ಲ. ಕಣ್ಣಿನ ಒತ್ತಡವು ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರ್ ಇರುತ್ತದೆ. ಈ ಮಿತಿಯೊಳಗಿದ್ದೂ ನರ ಹಾಳಾದವರು ಅನೇಕರಿದ್ದಾರೆ. ಆದುದರಿಂದ ಒತ್ತಡವನ್ನು ಅಳೆದರಷ್ಟೇ ಸಾಲದು, ನರವನ್ನೇ ನೋಡಬೇಕು.

ನೋಡಲು ಸಾಧ್ಯವಿದೆ. 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಭಾಗವನ್ನು ಕಾಣಿಸುವ ಉಪಕರಣವನ್ನು ಪ್ರಕಟಿಸಿದರು. ಅದರ ಇಂದಿನ ರೂಪವೇ ಫಂಡಸ್ ಕ್ಯಾಮೆರಾ. ಇದು ಕೆಲವೇ ನಿಮಿಷಗಳಲ್ಲಿ ಎರಡೂ ಕಣ್ಣುಗಳ ಒಳಚಿತ್ರವನ್ನು ತೆಗೆಯುತ್ತದೆ. ಚಿತ್ರದಲ್ಲಿ ನರವು ಕಣ್ಣಿನಿಂದ ಹೊರಹೋಗುವ ಸ್ಥಳವು ದುಂಡಾದ ಬಿಲ್ಲೆಯಂತೆ, ಅದರ ನಡುವೆ ಬಿಳಿಚಿದ ಬಟ್ಟಲಿನಂತಹ ಗುಳಿ ಕಾಣುತ್ತದೆ. ಎಳೆಗಳು ಸತ್ತಂತೆ ಅಂಚು ತೆಳುವಾಗಿ ಗುಳಿ ಅಗಲವಾಗುತ್ತದೆ. ಗುಳಿಯು ಬಿಲ್ಲೆಯ ಅರ್ಧಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೆ, ಇಲ್ಲವೆ ಎರಡು ಕಣ್ಣುಗಳ ಗುಳಿಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿದ್ದರೆ ತಜ್ಞರಲ್ಲಿಗೆ ಕಳುಹಿಸಬೇಕು. ಕೆಲವರಿಗೆ ಹುಟ್ಟಿನಿಂದಲೇ ದೊಡ್ಡ ಗುಳಿ ಇರುವುದುಂಟು. ಹೀಗಾಗಿ ಚಿತ್ರವು ತೀರ್ಪಲ್ಲ, ಜರಡಿ ಮಾತ್ರ.

ಮುಂದಿನ ಹಂತದಲ್ಲಿ, 1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಒ.ಸಿ.ಟಿ. ಯಂತ್ರವು ಬೆಳಕಿನ ನೆರವಿನಿಂದ ನರದ ಎಳೆಗಳ ಪದರದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಆರೋಗ್ಯವಂತರಲ್ಲಿ ಇದು ಸರಾಸರಿ 100 ಮೈಕ್ರಾನ್‌ನಷ್ಟು, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಹಿಂದಿನ ಅಳತೆ ಇಲ್ಲದಿದ್ದರೆ ಮುಂದಿನದನ್ನು ಯಾವುದರೊಂದಿಗೆ ಹೋಲಿಸುವುದು? ಕಣ್ಣಿಗೂ ಅದೇ ನಿಯಮ. ಇಂದಿನ ಚಿತ್ರವು ಮುಂದಿನ ವರ್ಷದ ಚಿತ್ರಕ್ಕೆ ಆಧಾರ.

ಇದೇ ಫಂಡಸ್ ಚಿತ್ರದಲ್ಲಿ ಮಧುಮೇಹದಿಂದಾದ ರಕ್ತಸ್ರಾವವೂ ಕಾಣುತ್ತದೆ. ಎರಡೂ ಬಿಲ್ಲೆಗಳು ಊದಿಕೊಂಡಿದ್ದರೆ ಅದು ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿರುವುದರ ಸೂಚನೆಯಾಗಿರಬಹುದು. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು.

ಹಳ್ಳಿಗಳಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು, ಅವಧಿಗೆ ಮುನ್ನ ಜನಿಸಿದ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅವನ್ನು ಪರಿಶೀಲಿಸುತ್ತಾರೆ. ಆ ರೋಗ ಬೇರೆ, ಆದರೆ ಮಾರ್ಗ ಇದೇ.

ಇನ್ನು ಪಂಚಾಯಿತಿಯ ಕೆಲಸ:

1. ಶಿಬಿರಕ್ಕಾಗಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಬರೆಯುವ ಪತ್ರದಲ್ಲಿ ಫಂಡಸ್ ಕ್ಯಾಮೆರಾ ಮತ್ತು ನೇತ್ರಾಧಿಕಾರಿಯ ಸೇವೆಯನ್ನು ಸ್ಪಷ್ಟವಾಗಿ ಕೋರುವುದು.

2. ಕತ್ತಲು ಮಾಡಬಹುದಾದ ಒಂದು ಕೊಠಡಿ ಹಾಗೂ ಅಡಚಣೆಯಿಲ್ಲದ ವಿದ್ಯುತ್ ಒದಗಿಸುವುದು. ಪಾಪೆ ಹಿಗ್ಗಿಸುವ ಹನಿ ಹಾಕಿದಲ್ಲಿ ಕೆಲವು ಗಂಟೆ ನೋಟ ಮಂಜಾಗುವುದರಿಂದ, ಜೊತೆಗೊಬ್ಬರು ಬರುವಂತೆ, ವಾಹನ ಓಡಿಸದಂತೆ ಮೊದಲೇ ತಿಳಿಸುವುದು.

3. 40 ವರ್ಷ ದಾಟಿದವರು, ಮಧುಮೇಹಿಗಳು, ಗ್ಲಾಕೋಮಾ ಇರುವವರ ಒಡಹುಟ್ಟಿದವರು ಮತ್ತು ಮಕ್ಕಳು, ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಬಳಸುತ್ತಿರುವವರು, ಇವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಸಿದ್ಧಪಡಿಸುವುದು.

4. ಗ್ರಾಮಸಭೆಯಲ್ಲಿ ಸಂಖ್ಯೆಗಳನ್ನು ಮಾತ್ರ ಓದುವುದು. ರೋಗಿಗಳ ಹೆಸರು ಬಹಿರಂಗವಾಗಕೂಡದು.

5. ಶಿಬಿರದ ವರದಿಯಲ್ಲಿ ವಿತರಿಸಿದ ಕನ್ನಡಕಗಳ ಜೊತೆಗೆ ಎಷ್ಟು ಮಂದಿಯ ಚಿತ್ರ ತೆಗೆಯಲಾಯಿತು, ಎಷ್ಟು ಮಂದಿಯನ್ನು ಆಸ್ಪತ್ರೆಗೆ ಕಳುಹಿಸಲಾಯಿತು, ಎಷ್ಟು ಮಂದಿ ಅಲ್ಲಿಗೆ ತಲುಪಿದರು ಎಂಬ ಮೂರು ಅಂಕಣಗಳನ್ನು ಸೇರಿಸುವುದು.

ಕೊನೆಯ ಅಂಕಣವೇ ಮುಖ್ಯ. ರೋಗ ಪತ್ತೆಯಾಗಿಯೂ ಬಸ್ಸಿನ ಖರ್ಚಿಗೋ ಕೂಲಿ ತಪ್ಪುವ ಭಯಕ್ಕೋ ಆಸ್ಪತ್ರೆಗೆ ಹೋಗದಿದ್ದರೆ ಚಿತ್ರ ತೆಗೆದೂ ಫಲವಿಲ್ಲ. ಗ್ಲಾಕೋಮಾಕ್ಕೆ ಒತ್ತಡ ಇಳಿಸುವ ಹನಿಗಳಿವೆ, ಲೇಸರ್ ಮತ್ತು ಶಸ್ತ್ರಚಿಕಿತ್ಸೆಗಳಿವೆ. ಇವು ಹೋದ ನೋಟವನ್ನು ತರುವುದಿಲ್ಲ, ಉಳಿದುದನ್ನು ಕಾಯುತ್ತವೆ. ಹನಿಯನ್ನು ಪ್ರತಿದಿನ, ಬಹುಪಾಲು ಜೀವನಪರ್ಯಂತ ಹಾಕಬೇಕು. ಕಣ್ಣು ಚೆನ್ನಾಗಿ ಕಾಣುತ್ತಿದೆಯೆಂದು ನಿಲ್ಲಿಸುವವರಿಗೆ ವಾರ್ಡಿನ ಸದಸ್ಯರ ಮಾತು ತಾಗುವಷ್ಟು ಸುತ್ತೋಲೆಯ ಮಾತು ತಾಗದು.

ಪೊರೆಯಿಂದ ಮಸುಕಾದ ನೋಟವು ತಡವಾದರೂ ಶಸ್ತ್ರಚಿಕಿತ್ಸೆಯಿಂದ ಬಹುತೇಕ ಮರಳುತ್ತದೆ. ನರ ಸತ್ತು ಹೋದ ನೋಟ ಮರಳದು. ಆದಕಾರಣ ಮುಂದಿನ ಶಿಬಿರದ ಪತ್ರಕ್ಕೆ ಸಹಿ ಹಾಕುವ ಮುನ್ನ ಅದರಲ್ಲಿ ಫಂಡಸ್ ಕ್ಯಾಮೆರಾದ ಕೋರಿಕೆ ಇದೆಯೇ ಎಂದು ತಾವು ಒಮ್ಮೆ ನೋಡಬೇಕೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.