ಕರಾಟೆ ಕಲಿಯುವ ಮಗು ಮತ್ತು ನಾವು ಕೇಳದ ಪ್ರಶ್ನೆ

(ಅಂಕೋಲೆಯಲ್ಲಿ ಜರಗಿದ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಸಂಘಟಕರು ನಮಗೆ ಕೊಟ್ಟಿರುವ ವಿಷಯದ ಹೆಸರು ದೊಡ್ಡದು: ‘ಸಮರ ಕಲೆ ಮತ್ತು ಕ್ರೀಡಾ ವಿಜ್ಞಾನ’. ಆದರೆ ನಾವು ಮಾತನಾಡಬೇಕಾಗಿರುವುದು ಅಸರ್ ನಮಾಝಿನ ಬಳಿಕ ಬಿಳಿ ಸಮವಸ್ತ್ರ ತೊಟ್ಟು, ಸೊಂಟಕ್ಕೆ ಯೆಲ್ಲೋ ಬೆಲ್ಟ್ ಬಿಗಿದು ಮನೆಯಿಂದ ಹೊರಡುವ ನಮ್ಮ ಹುಡುಗ ಹುಡುಗಿಯರ ಕುರಿತು. ಒಂದು ಕಾಲದಲ್ಲಿ ಇದನ್ನು ಪೋಕರಿಗಳ ಆಟವೆಂದು ಕರೆಯುತ್ತಿದ್ದ ಮನೆಗಳಿಂದಲೇ ಇಂದು ಕಾರವಾರದಲ್ಲಿಯೂ ಅಂಕೋಲೆಯಲ್ಲಿಯೂ ಮಕ್ಕಳು ಕರಾಟೆ, ಟೇಕ್ವಾಂಡೊ ತರಗತಿಗಳಿಗೆ ಹೋಗುತ್ತಿದ್ದಾರೆ. ಇದು ಸಂತೋಷದ ಸಂಗತಿ.

ಇದು ಧರ್ಮಸಮ್ಮತವೇ ಎಂಬ ಪ್ರಶ್ನೆಗೆ ಹೆಚ್ಚು ಸಮಯ ವ್ಯಯಿಸಬೇಕಾಗಿಲ್ಲ. ಬಲಿಷ್ಠನಾದ ವಿಶ್ವಾಸಿಯು ದುರ್ಬಲನಾದ ವಿಶ್ವಾಸಿಗಿಂತ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂಬ ಪ್ರವಾದಿ ವಚನ ತಮಗೆಲ್ಲ ತಿಳಿದಿದೆ. ಪ್ರವಾದಿವರ್ಯರು(ಸ) ರುಕಾನ ಎಂಬ ಜಟ್ಟಿಯೊಂದಿಗೆ ಕುಸ್ತಿ ಮಾಡಿ ಅವನನ್ನು ಕೆಡವಿದ ವರದಿ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಈದ್ ದಿನದಂದು ಅಬಿಸೀನಿಯದ ಜನರು ಪ್ರವಾದಿಯವರ ಮಸೀದಿಯಲ್ಲಿಯೇ ಭರ್ಜಿಗಳ ಆಟವಾಡಿದಾಗ ಹ. ಆಯಿಶಾ(ರ) ಅದನ್ನು ಮನದಣಿಯೆ ನೋಡಿದರು. ಅವರಿಗೆ ಮರೆಯಾಗಿ ನಿಂತವರು ಸ್ವತಃ ಪ್ರವಾದಿಯವರು(ಸ). ಆ ಅಬಿಸೀನಿಯದವರನ್ನು ನೆನಪಿನಲ್ಲಿಡಿ, ಅವರ ಬಂಧುಗಳಂತಿರುವ ನಮ್ಮ ಜಿಲ್ಲೆಯ ಜನರ ಮಾತು ಮುಂದೆ ಬರಲಿದೆ.

ನಮ್ಮ ಚಿಂತೆ ಬೇರೆ. ಮಗುವನ್ನು ತರಗತಿಗೆ ಸೇರಿಸುವಾಗ ನಾವು ತರಬೇತುದಾರರಲ್ಲಿ ಕೇಳುವ ಪ್ರಶ್ನೆಗಳು ಯಾವುವು? ತಿಂಗಳಿಗೆ ಶುಲ್ಕ ಎಷ್ಟು, ಬ್ಲ್ಯಾಕ್ ಬೆಲ್ಟ್ ಎಷ್ಟು ವರ್ಷಕ್ಕೆ ಸಿಗುತ್ತದೆ. ಹೆಣ್ಣು ಮಗುವಾದರೆ ಮೂರನೆಯದೊಂದು ಪ್ರಶ್ನೆ: ತಲೆವಸ್ತ್ರ ಧರಿಸಬಹುದೇ? ತಲೆಯ ಮೇಲಿನ ವಸ್ತ್ರದ ಬಗ್ಗೆ ಇಷ್ಟು ಕಾಳಜಿಯುಳ್ಳ ನಾವು, ಆ ತಲೆಗೆ ಪೆಟ್ಟು ಬಿದ್ದರೆ ನೀವೇನು ಮಾಡುತ್ತೀರಿ ಎಂದು ಕೇಳಿದ್ದುಂಟೇ?

2007ರಲ್ಲಿ ಬೀಜಿಂಗ್‌ನಲ್ಲಿ ವಿಶ್ವ ಟೇಕ್ವಾಂಡೊ ಚಾಂಪಿಯನ್‌ಷಿಪ್ ನಡೆದಾಗ ಅದರ ಜೊತೆಯಲ್ಲಿಯೇ ಟೇಕ್ವಾಂಡೊ ಅಧ್ಯಯನಗಳ ಮೊದಲ ಅಂತಾರಾಷ್ಟ್ರೀಯ ವಿಚಾರಗೋಷ್ಠಿಯೂ ನಡೆಯಿತು. ಒಂದು ಹೊಡೆದಾಟದ ಕಲೆಗೆ ವಿದ್ವಾಂಸರ ಗೋಷ್ಠಿಯೇ ಎಂದು ನಗಬೇಡಿ. ಕ್ರೀಡಾ ವಿಜ್ಞಾನವು ಒದೆತದ ವೇಗವನ್ನು ಅಳೆಯುತ್ತದೆ, ಯಾವ ವಯಸ್ಸಿನ ಮೂಳೆ ಎಷ್ಟು ಭಾರ ತಾಳಬಲ್ಲದೆಂದು ಪರೀಕ್ಷಿಸುತ್ತದೆ, ಗಾಯಗಳನ್ನು ಎಣಿಸುತ್ತದೆ. ಪೀಟರ್ ಮತ್ತು ಜೆಂಪರ್ ಎಂಬ ಸಂಶೋಧಕರು ಟೇಕ್ವಾಂಡೊ ಸ್ಪರ್ಧಿಗಳ ತಲೆಗೆ ಬೀಳುವ ಪೆಟ್ಟುಗಳನ್ನು 1990ರ ದಶಕದಲ್ಲಿಯೇ ಲೆಕ್ಕವಿಡತೊಡಗಿದ್ದರು.

ಅದೇ 2007ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ತಲೆವಸ್ತ್ರ ಧರಿಸಿದ್ದ ಕಾರಣಕ್ಕೆ ಮುಸ್ಲಿಮ್ ಬಾಲಕಿಯರ ತಂಡವೊಂದನ್ನು ಟೇಕ್ವಾಂಡೊ ಪಂದ್ಯಾವಳಿಯಿಂದ ಹೊರಗಿಡಲಾಯಿತು. ಸುರಕ್ಷತೆಯ ನೆಪ ಹೇಳಲಾಯಿತು. ಎರಡೇ ವರ್ಷಗಳಲ್ಲಿ, 2009ರಲ್ಲಿ, ವಿಶ್ವ ಟೇಕ್ವಾಂಡೊ ಸಂಸ್ಥೆಯು ನಿಯಮ ಬದಲಿಸಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೌದಿಯ ವುಜ್ದಾನ್ ಶಹರ್‌ಕಾನಿಗೆ ಬಿಗಿಯಾದ ಟೋಪಿಯೊಂದನ್ನು ಧರಿಸಿ ಜೂಡೋ ಅಂಕಣಕ್ಕಿಳಿಯಲು ಅನುಮತಿ ದೊರೆಯಿತು. ಪಂದ್ಯ ನಡೆದದ್ದು 82 ಸೆಕೆಂಡು, ಆಕೆ ಸೋತಳು, ಆದರೆ ಬಾಗಿಲು ತೆರೆದಿತ್ತು. 2013ರಿಂದ ಕರಾಟೆಯೂ ಒಪ್ಪಿತು. ಈಜಿಪ್ಟಿನ ಹಿದಾಯ ಮಲಾಕ್ ತಲೆವಸ್ತ್ರದಲ್ಲಿಯೇ ರಿಯೋದಲ್ಲೂ ಟೋಕಿಯೊದಲ್ಲೂ ಟೇಕ್ವಾಂಡೊ ಕಂಚು ಗೆದ್ದಳು. ಹೊಡೆದಾಟದ ಅಂಕಣದಲ್ಲಿ ಅಪಾಯಕಾರಿಯಲ್ಲವೆಂದು ಜಗತ್ತು ಒಪ್ಪಿದ ಆ ತುಂಡು ಬಟ್ಟೆ, 2022ರ ಫೆಬ್ರವರಿಯಲ್ಲಿ ನಮ್ಮದೇ ರಾಜ್ಯದ ತರಗತಿಯ ಬೆಂಚಿನ ಮೇಲೆ ಅಪಾಯಕಾರಿಯಾಗಿ ಕಂಡಿತು! ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿ ಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಈ ನೋವನ್ನು ನಾವು ಮರೆತಿಲ್ಲ. ಆದರೆ ಈ ನೋವಿನಲ್ಲಿಯೇ ಮುಳುಗಿ, ವಸ್ತ್ರದ ಕೆಳಗಿರುವ ತಲೆಯನ್ನು ಮರೆತೆವೆಂಬುದೂ ನಿಜ.

ನಾವು ಮರೆತದ್ದನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಕಾರವಾರದಲ್ಲಿ ಮಕ್ಕಳ ಪಂದ್ಯಾವಳಿಯೊಂದು ಮುಗಿದು ಬಸ್ಸಿನಲ್ಲಿ ಅಂಕೋಲೆಗೆ ಮರಳುತ್ತಿದ್ದೆವು. ನಮ್ಮ ನೆರೆಮನೆಯ ಹತ್ತು ವರ್ಷದ ಬಾಲಕನ ಕಿವಿಯ ಮೇಲ್ಭಾಗಕ್ಕೆ ಅಂದು ಒಂದು ಒದೆತ ಬಿದ್ದಿತ್ತು. ಅವನು ಅಳಲಿಲ್ಲ, ಎದ್ದು ನಿಂತ, ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಣಗಾ ದಾಟುವಷ್ಟರಲ್ಲಿ ವಾಂತಿ ಮಾಡಿಕೊಂಡ. ತಿರುವುಗಳ ರಸ್ತೆ, ಬಸ್ಸಿನ ವಾಂತಿ ಎಂದರು. ನಾವೂ ಹಾಗೆಯೇ ಹೇಳಿದೆವು. ಅವರ್ಸಾ ಬರುವಾಗ ಮತ್ತೊಮ್ಮೆ. ಕಿಟಕಿಯ ಪಕ್ಕ ಕೂರಿಸಿ ಲಿಂಬೆಹಣ್ಣು ಮೂಸಲು ಕೊಟ್ಟೆವು. ಮರುದಿನ ಶಾಲೆ, ಅದರ ಮರುದಿನ ಮತ್ತೆ ಅಭ್ಯಾಸ. ಎರಡು ವಾರ ತಲೆನೋವೆಂದ, ಪುಸ್ತಕ ಹಿಡಿದರೆ ಅಕ್ಷರ ಓಡುತ್ತವೆ ಎಂದ. ಓದಿಗೆ ಕಳ್ಳತನ ಮಾಡುತ್ತಾನೆಂದು ತಂದೆಯಿಂದ ಏಟು ತಿಂದ. ಕೊನೆಗೆ ವೈದ್ಯರೊಬ್ಬರು ಕಾರಣ ಹೇಳಿದಾಗ ಆ ತಂದೆ ನಮ್ಮ ಮುಖ ನೋಡಿದರು. ಅಲ್ಲಾಹನ ಕೃಪೆಯಿಂದ ಬಾಲಕ ಗುಣಮುಖನಾದ. ನಮ್ಮ ಲಿಂಬೆಹಣ್ಣಿನಿಂದಲ್ಲ.

ತಲೆಬುರುಡೆಯೊಳಗೆ ಮೆದುಳು ಗಟ್ಟಿಯಾಗಿ ಅಂಟಿಕೊಂಡಿಲ್ಲ, ದ್ರವದಲ್ಲಿ ತೇಲುವಂತಿದೆ. ಪೆಟ್ಟಿನಿಂದ ತಲೆ ಸಟ್ಟನೆ ತಿರುಗಿದಾಗ ಒಳಗಿನ ಮೆದುಳು ಅಲುಗಾಡಿ ಹಿಂಜಿದಂತಾಗುತ್ತದೆ. ವೈದ್ಯರು ಇದನ್ನು ಕನ್ಕಷನ್ ಎನ್ನುತ್ತಾರೆ. ಹೊರಗೆ ಗಾಯವಿರುವುದಿಲ್ಲ, ಹಲವು ಬಾರಿ ಪ್ರಜ್ಞೆಯೂ ತಪ್ಪುವುದಿಲ್ಲ. ಶಿರಸ್ತ್ರಾಣವು ಚರ್ಮ ಹರಿಯುವುದನ್ನೂ ಬುರುಡೆ ಬಿರಿಯುವುದನ್ನೂ ತಡೆಯಬಹುದು, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು. ಆದುದರಿಂದ ಹೆಲ್ಮೆಟ್ ಹಾಕಿಸಿದ್ದೇವೆ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಟೇಕ್ವಾಂಡೊ ನಿಯಮದಲ್ಲಿ ಮುಂಡಕ್ಕೆ ಒದ್ದರೆ 2 ಅಂಕ, ತಲೆಗೆ ಒದ್ದರೆ 3. ಹೆಚ್ಚು ಅಂಕ ಎಲ್ಲಿದೆಯೋ ಮಗುವಿನ ಕಾಲು ಅಲ್ಲಿಗೇ ಏಳುತ್ತದೆ.

ಕ್ರೀಡೆಯಲ್ಲಿ ಮೆದುಳಿಗಾಗುವ ಈ ಪೆಟ್ಟಿನ ಕುರಿತು 2001ರಲ್ಲಿ ವಿಯೆನ್ನಾದಲ್ಲಿ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಪ್ರಾಗ್, ಜೂರಿಕ್, ಬರ್ಲಿನ್‌ಗಳಲ್ಲಿ ಮುಂದುವರಿದು 2022ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಬಂತು. ಅಲ್ಲಿನ ವಿದ್ವಾಂಸರ ಮಾತನ್ನು ಅಂಗನವಾಡಿ ಕಾರ್ಯಕರ್ತೆಯೂ ನೆನಪಿಟ್ಟುಕೊಳ್ಳಬಹುದು. ಸಂಶಯ ಬಂದರೆ ಮಗುವನ್ನು ಕೂಡಲೇ ಆಟದಿಂದ ಹೊರತರಬೇಕು, ಅದೇ ದಿನ ಮತ್ತೆ ಇಳಿಸಕೂಡದು. ಮರಳುವಾಗಲೂ ಒಮ್ಮೆಗೇ ಅಲ್ಲ, ಮೊದಲು ಪಾಠ, ಹಗುರ ಓಡಾಟ, ಕೊನೆಗಷ್ಟೇ ಎದುರಾಳಿ. ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಸೆಳೆತ, ಕೈಕಾಲಿನ ಸೋಲು ಕಂಡರೆ ಮನೆಮದ್ದು ಬಿಟ್ಟು ನೇರ ಆಸ್ಪತ್ರೆಗೆ. ಆಸ್ಪತ್ರೆ ಎಂದೊಡನೆ ತಮ್ಮ ಮುಖದಲ್ಲಿ ಮೂಡಿದ ನಗುವಿನ ಅರ್ಥ ನಮಗೆ ಗೊತ್ತು. 2022ರಲ್ಲಿ ಈ ಜಿಲ್ಲೆಯ ಜನರು ಪಕ್ಷಭೇದ ಮರೆತು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬೀದಿಗಿಳಿದದ್ದು ಸುಮ್ಮನೆಯಲ್ಲ. ತಲೆಗೆ ಪೆಟ್ಟು ಬಿದ್ದವರನ್ನು ಹೊತ್ತ ಆಂಬುಲೆನ್ಸುಗಳು ಗೋವಾ, ಹುಬ್ಬಳ್ಳಿ, ಮಂಗಳೂರಿನ ದಾರಿ ಹಿಡಿಯುವುದನ್ನು ನೋಡಿಯೇ ಇಲ್ಲಿನವರು ಬೆಳೆದಿದ್ದಾರೆ. ಹಾಗಿರುವಾಗ ಪೆಟ್ಟು ಬೀಳದಂತೆ ನೋಡಿಕೊಳ್ಳುವ ಹೊಣೆ ಇತರ ಜಿಲ್ಲೆಗಳ ಪಾಲಕರಿಗಿಂತ ನಮ್ಮ ಮೇಲೆ ಹೆಚ್ಚು.

2021ರ ಆಗಸ್ಟ್ 7 ತಮಗೆ ನೆನಪಿರಬಹುದು. ಟೋಕಿಯೊದಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದ ದಿನ. ಅದೇ ದಿನ ಅದೇ ನಗರದಲ್ಲಿ ಪುರುಷರ ಕರಾಟೆಯ ಫೈನಲ್‌ನಲ್ಲಿ ಇಬ್ಬರು ಮುಸ್ಲಿಮ್ ಯುವಕರು ಎದುರಾದರು: ಸೌದಿಯ ತಾರಿಕ್ ಹಾಮಿದಿ, ಇರಾನಿನ ಸಜ್ಜಾದ್ ಗಂಜ್‌ಜಾದೆ. ಹಾಮಿದಿ 4-1ರಿಂದ ಮುಂದಿದ್ದರು. ಅವರ ಒಂದು ಒದೆತಕ್ಕೆ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು, ಸ್ಟ್ರೆಚರಿನಲ್ಲಿ ಹೊರಗೊಯ್ಯಲಾಯಿತು. ನಿಯಂತ್ರಣ ಮೀರಿದ ಹೊಡೆತವೆಂದು ಹಾಮಿದಿಯವರನ್ನು ಅನರ್ಹಗೊಳಿಸಿ, ನೆಲಕ್ಕೆ ಬಿದ್ದವರಿಗೆ ಚಿನ್ನ ಕೊಡಲಾಯಿತು. ಬಿದ್ದವನು ಗೆದ್ದದ್ದು ಹೇಗೆ ಎಂದು ಅನೇಕರು ಗೇಲಿ ಮಾಡಿದರು. ನಮಗಾದರೋ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಹದೀಸೊಂದು ನೆನಪಾಯಿತು. ಹೊಡೆದಾಡುವಾಗಲೂ ಮುಖವನ್ನು ತಪ್ಪಿಸಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಮದ್ರಸಾದಲ್ಲಿ ಓದುವಾಗ ಇದನ್ನು ಜಗಳದ ಶಿಷ್ಟಾಚಾರವೆಂದಷ್ಟೇ ತಿಳಿದಿದ್ದೆವು. ಮುಖವು ಕೋಮಲವಾದುದು, ಇಂದ್ರಿಯಗಳ ನೆಲೆ ಎಂದು ಇಮಾಮ್ ನವವಿ ವಿವರಿಸಿದ್ದಾರೆ. ಆಧುನಿಕ ವಿಜ್ಞಾನವೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಡಂಗುರ ಸಾರುವವರ ಸಾಲಿಗೆ ನಾವು ಸೇರುವುದಿಲ್ಲ. ಇದ್ದರೆ ಆ ಬಸ್ಸಿನಲ್ಲಿ ಅದು ನಮ್ಮ ಉಪಯೋಗಕ್ಕೆ ಬರಬೇಕಿತ್ತು. 1987ರಲ್ಲಿ ಮಕ್ಕಾದಲ್ಲಿ ಸೇರಿದ್ದ ಫಿಕ್ಹ್ ವಿದ್ವಾಂಸರ ಸಮಿತಿಯು ಬಾಕ್ಸಿಂಗನ್ನು ನಿಷಿದ್ಧವೆಂದು ಘೋಷಿಸಿದಾಗ ಮೆದುಳಿಗೂ ಕಣ್ಣಿಗೂ ಆಗುವ ಹಾನಿಯನ್ನು ಕಾರಣವಾಗಿ ಕೊಟ್ಟಿತು. ಅದೇ ಅಳತೆಗೋಲನ್ನು ಬಾಕ್ಸಿಂಗ್ ಅಲ್ಲದ ಕಲೆಗಳಿಗೂ ಹಿಡಿದು ನೋಡಬೇಕಾದವರು ನಾವು.

ಇನ್ನು ತೂಕದ ಮಾತು. ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ನದಿಗೆ ಬಿದ್ದದ್ದು 2024ರ ಆಗಸ್ಟ್ 7ರ ನಸುಕಿನಲ್ಲಿ. ನಾವೆಲ್ಲ ಸೇತುವೆಯ ಸುದ್ದಿಯಲ್ಲಿದ್ದಾಗ ಪ್ಯಾರಿಸಿನಿಂದ ಇನ್ನೊಂದು ಸುದ್ದಿ ಬಂತು: ವಿನೇಶ್ ಫೋಗಟ್ 50 ಕಿಲೋಗಿಂತ 100 ಗ್ರಾಂ ಹೆಚ್ಚಿದ್ದರೆಂದು ಫೈನಲ್‌ನಿಂದ ಹೊರಗೆ. ರಾತ್ರಿಯಿಡೀ ಊಟವಿಲ್ಲ, ನೀರಿಲ್ಲ, ಓಟ, ಬೆವರು, ಕೊನೆಗೆ ಕೂದಲಿಗೂ ಕತ್ತರಿ. ಆ 100 ಗ್ರಾಮಿಗಾಗಿ ಕಣ್ಣೀರಿಟ್ಟ ಅನೇಕರು, 2023ರ ಮೇ 28ರಂದು ಅದೇ ವಿನೇಶರನ್ನು ದೆಹಲಿಯ ಬೀದಿಯಲ್ಲಿ ಪೊಲೀಸರು ಎಳೆದೊಯ್ದಾಗ ಮೌನವಾಗಿದ್ದರು. ಹೆಣ್ಣು ಮಕ್ಕಳನ್ನು ತರಬೇತಿಗೆ ಕಳುಹಿಸುವ ತಾಯಂದಿರು ಆ ಹೋರಾಟದ ಕಾರಣವನ್ನೂ ನೆನಪಿನಲ್ಲಿಡಬೇಕು, ತರಗತಿಯ ವೇಳೆಯಲ್ಲಿ ಆಗಾಗ ಹೇಳದೆ ಕೇಳದೆ ಹೋಗಿ ಕುಳಿತುಕೊಳ್ಳಬೇಕು.

1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಒಂದೇ ತಿಂಗಳ ಆಸುಪಾಸಿನಲ್ಲಿ ತೂಕ ಇಳಿಸಲು ಹೋಗಿ ಸತ್ತರು. ಬಳಿಕ ಅಲ್ಲಿ ರಬ್ಬರ್ ಉಡುಪನ್ನೂ ಬಿಸಿ ಕೋಣೆಯನ್ನೂ ನಿಷೇಧಿಸಿ, ತೂಕ ನೋಡುವ ವೇಳೆಯನ್ನು ಪಂದ್ಯದ ಸಮೀಪಕ್ಕೆ ತರಲಾಯಿತು. ನಮ್ಮ ಮಕ್ಕಳಲ್ಲಿ ಕೆಲವರು ಕೆಳಗಿನ ತೂಕದ ಗುಂಪಿಗೆ ಸೇರಲು ಪಂದ್ಯದ ಹಿಂದಿನ ದಿನ ನೀರು ಬಿಡುತ್ತಾರೆ, ನಾವದನ್ನು ಛಲವೆಂದು ಹೊಗಳುತ್ತೇವೆ. ಉಪವಾಸಕ್ಕೆ ಒಗ್ಗಿಕೊಂಡ ಮಕ್ಕಳು, ಏನೂ ಆಗದು ಎನ್ನುವ ಮಾತನ್ನೂ ಕೇಳಿದ್ದೇವೆ. ರಮಝಾನಿನ ಉಪವಾಸಕ್ಕೆ ಸಹರಿಯಿದೆ, ಇಫ್ತಾರ್ ಇದೆ, ಪ್ರಯಾಣಿಕನಿಗೂ ರೋಗಿಗೂ ರಿಯಾಯಿತಿಯಿದೆ. ತಕ್ಕಡಿಯನ್ನು ವಂಚಿಸಲು ದೇಹವನ್ನು ಒಣಗಿಸುವುದಕ್ಕೆ ಉಪವಾಸದ ಹೆಸರು ಕೊಡಬೇಡಿ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಕಲಿಸಿದ ಪ್ರವಾದಿಯವರ(ಸ) ಸಮುದಾಯ ನಮ್ಮದು.

ಮೊದಲು ಹೇಳಿದ ಅಬಿಸೀನಿಯದವರ ಮಾತಿಗೆ ಬರೋಣ. ಆಫ್ರಿಕದಿಂದ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರಗಳಲ್ಲಿಯೂ ಇದೇ ಅಂಕೋಲೆ ತಾಲೂಕಿನ ಘಟ್ಟದ ಕಾಡುಗಳಲ್ಲಿಯೂ ಇದ್ದಾರೆ. ಹಳಿಯಾಳದ ಕಡೆ ಅವರಲ್ಲಿ ನಮ್ಮ ಧರ್ಮಬಾಂಧವರೂ ಇದ್ದಾರೆ. 1987ರ ಹೊತ್ತಿಗೆ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಆಫ್ರಿಕದ ರಕ್ತವಾದ್ದರಿಂದ ಒಲಿಂಪಿಕ್ ಪದಕ ಖಚಿತವೆಂಬ ಲೆಕ್ಕಾಚಾರ. ಮಕ್ಕಳು ಓಡಿದರು, ಗೆದ್ದರು. 1990ರ ದಶಕದ ಆದಿಯಲ್ಲಿ ಯೋಜನೆ ನಿಂತಿತು, ಅನೇಕರು ಕಾಡಿಗೂ ಕೂಲಿಗೂ ಮರಳಿದರು. ಅವರ ತೊಡೆಯ ಸ್ನಾಯುವನ್ನು ಅಳೆದವರಿದ್ದರು, ಮನೆಯ ಅಕ್ಕಿಯ ಡಬ್ಬಿಯನ್ನು ಅಳೆದವರಿರಲಿಲ್ಲ. ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅನಂತರ ಸಿದ್ದಿ ಹೆಣ್ಣು ಮಕ್ಕಳು ಕುಸ್ತಿಯಲ್ಲೂ ಜೂಡೋದಲ್ಲೂ ರಾಷ್ಟ್ರಮಟ್ಟಕ್ಕೇರಿದರು. ಮಗುವಿನ ದೇಹವು ಪದಕದ ಕಚ್ಚಾ ಸಾಮಗ್ರಿಯಾದಾಗ ವಿಜ್ಞಾನವೂ ದಲ್ಲಾಳಿಯಾಗುತ್ತದೆ. ಆ ದೇಹ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ ಎಂದು ತಿಳಿದವರು ಅದೇ ವಿಜ್ಞಾನದಿಂದ ಬೇರೆ ಪ್ರಶ್ನೆಗಳನ್ನು ಕೇಳುತ್ತಾರೆ.

ಆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದೇವೆ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಹೊರತರುವ ಅಧಿಕಾರ ಯಾರದು? ಹತ್ತು ವರ್ಷದೊಳಗಿನವರಿಗೆ ತಲೆಗೆ ಒದೆಯುವುದನ್ನು ಕಲಿಸುತ್ತೀರಾ? ತೂಕ ಇಳಿಸಲು ಹೇಳುತ್ತೀರಾ? ಪಂದ್ಯದ ಸ್ಥಳದಲ್ಲಿ ವೈದ್ಯರಿರುತ್ತಾರೆಯೇ? ಹುಡುಗಿಯರ ತರಗತಿಯಲ್ಲಿ ಮಹಿಳೆಯೊಬ್ಬರಿದ್ದಾರೆಯೇ? ತರಬೇತುದಾರರ ಮೇಲೆ ಸಂಶಯಪಟ್ಟು ಕೇಳಬೇಡಿ, ಅವರಲ್ಲಿ ಹೆಚ್ಚಿನವರು ಕಡಿಮೆ ಆದಾಯದಲ್ಲಿ ದೊಡ್ಡ ಶ್ರಮ ಪಡುತ್ತಿರುವವರು, ಈ ಮಾಹಿತಿ ಅವರಿಗೂ ಯಾರೂ ಕೊಟ್ಟಿಲ್ಲ. ಇಂದು ಇಲ್ಲಿಗೆ ಬಂದಿರುವ ಇಬ್ಬರು ತರಬೇತುದಾರರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಮಗ್ರಿಬ್‌ಗೆ ಇನ್ನೂ ಅರ್ಧ ಗಂಟೆಯಿದೆ, ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ.