ಒಂದೇ ವೈರಸ್, ಎರಡು ಮೈ



ಏಡ್ಸ್ ಮಂಗನಿಂದ ಬಂದ ರೋಗ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಹಾಗಿದ್ದರೆ ಲಕ್ಷ್ಮೇಶ್ವರ, ಗದಗ-ಬೆಟಗೇರಿಯ ಮಾಳಿಗೆಗಳ ಮೇಲೆ ಓಡಾಡುವ ಮಂಗ್ಯಾಗಳಿಂದ ನಮಗೇನಾದರೂ ಅಪಾಯವಿದೆಯೇ? ಮುಂಡರಗಿ, ಶಿರಹಟ್ಟಿಯ ಕಡೆಗೆಲ್ಲ ಹಬ್ಬಿರುವ ಕಪ್ಪತಗುಡ್ಡದ ಮುಸಿಯಾಗಳಿಂದ? ಏಡ್ಸ್ ವಿಷಯದಲ್ಲಿ ಆ ಭಯ ಬೇಡ. ಏಷ್ಯಾದ ಕಾಡುಗಳ ಯಾವ ಮಂಗದಲ್ಲೂ ಏಡ್ಸ್ ತರುವ ಎಚ್‌ಐವಿಯ ಕುಲದ ವೈರಸ್ ಸಹಜವಾಗಿ ನೆಲೆಸಿದ್ದು ಕಂಡುಬಂದಿಲ್ಲ. ಮಂಗ ಕಚ್ಚಿದರೆ ಅಂಜಬೇಕಾದದ್ದು ರೇಬಿಸ್‌ಗೆ. ಗಾಯವನ್ನು ಸಾಬೂನು ಹಚ್ಚಿ ಚೆನ್ನಾಗಿ ತೊಳೆದು ಅಂದೇ ದವಾಖಾನೆಗೆ ಹೋಗಿ. ಮಲೆನಾಡಿನ ಮಂಗನ ಕಾಯಿಲೆ ಬೇರೆಯೇ ಒಂದು ವೈರಸ್ಸಿನದು, ಉಣ್ಣೆ ಕಚ್ಚುವುದರಿಂದ ಬರುವಂಥದು.

ಎಚ್‌ಐವಿಯ ಮೂಲ ಆಫ್ರಿಕ. ಅಲ್ಲಿನ ನಲವತ್ತಕ್ಕೂ ಹೆಚ್ಚು ಜಾತಿಯ ಮಂಗ-ವಾನರಗಳಲ್ಲಿ ಎಸ್‌ಐವಿ ಎಂಬ ವೈರಸ್‌ಗಳಿವೆ. ಕ್ಯಾಮರೂನಿನ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ್ದು ಎಚ್‌ಐವಿ-1. ಪಶ್ಚಿಮ ಆಫ್ರಿಕದ ಸೂಟಿ ಮ್ಯಾಂಗಬಿ ಎಂಬ ಬೂದು ಮಂಗದಿಂದ ಬಂದದ್ದು ಎಚ್‌ಐವಿ-2. ಈ ಮ್ಯಾಂಗಬಿಯ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ.

ನಮ್ಮ ಊರಿನ ಮಂಗ ಬಾನೆಟ್ ಜಾತಿಯದು. ಅದರ ದಾಯಾದಿ ಉತ್ತರ ಭಾರತದ ರೀಸಸ್ ಕೋತಿ. ಪೋಲಿಯೊ ಲಸಿಕೆಯ ಕೆಲಸಕ್ಕೆಂದು ಒಂದು ಕಾಲದಲ್ಲಿ ಭಾರತದಿಂದ ಅಪಾರ ಸಂಖ್ಯೆಯ ರೀಸಸ್‌ಗಳನ್ನು ಅಮೆರಿಕೆಗೆ ಸಾಗಿಸಲಾಯಿತು. 1978ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಅಷ್ಟರಲ್ಲಿ ಅಲ್ಲಿಯೇ ಅವುಗಳ ಸಂತತಿ ಬೆಳೆದಿತ್ತು. ಅಲ್ಲಿನ ಸಂಶೋಧನಾ ಕೇಂದ್ರಗಳಲ್ಲಿ ಆಫ್ರಿಕದ ಮ್ಯಾಂಗಬಿಗಳೂ ಇದ್ದವು. ಯಾರ ಗಮನಕ್ಕೂ ಬಾರದೆ ವೈರಸ್ ಮ್ಯಾಂಗಬಿಯಿಂದ ರೀಸಸ್‌ಗೆ ದಾಟಿತು. ರೀಸಸ್‌ಗಳು ಸೊರಗಿ ಸತ್ತವು. 1985ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂದ್ರವೊಂದರಲ್ಲಿ ಕಾರಣ ಸಿಕ್ಕಿತು: ಅವುಗಳಿಗೆ ಬಂದದ್ದು ಏಡ್ಸ್‌ನಂಥದೇ ರೋಗ.

ಆದರೆ ವೈರಸ್ ಕೊಟ್ಟ ಮ್ಯಾಂಗಬಿಗೆ ಏನೂ ಆಗಿರಲಿಲ್ಲ! ಅದರ ರಕ್ತದಲ್ಲಿ ವೈರಸ್ ಕಡಿಮೆ ಇತ್ತೆಂದಲ್ಲ, ಧಾರಾಳವಾಗಿಯೇ ಇತ್ತು. ಒಂದೇ ಸೋಂಕು ಒಂದು ಮೈಯಲ್ಲಿ ಸಾವು, ಇನ್ನೊಂದರಲ್ಲಿ ನಿತ್ಯದ ಬದುಕು. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಇದು. ಸೋಂಕು ತಗುಲಿದಾಗ ಮ್ಯಾಂಗಬಿಯ ರೋಗನಿರೋಧಕ ವ್ಯವಸ್ಥೆ ಮೊದಲ ಕೆಲವು ವಾರ ಜೋರಾಗಿ ಎದ್ದು, ಆಮೇಲೆ ತಣ್ಣಗಾಗುತ್ತದೆ. ರೀಸಸ್‌ನಲ್ಲಿ, ಮನುಷ್ಯರಲ್ಲಿ ಅದು ತಣ್ಣಗಾಗುವುದಿಲ್ಲ. ವರ್ಷಗಟ್ಟಲೆ ಉರಿದು ತನ್ನನ್ನೇ ಸವೆಸಿಕೊಳ್ಳುತ್ತದೆ. 2018ರಲ್ಲಿ ಮ್ಯಾಂಗಬಿಯ ಸಂಪೂರ್ಣ ಜೀನೋಮ್ ಪ್ರಕಟವಾದಾಗ, ಬ್ಯಾಕ್ಟೀರಿಯಾಗಳ ಸುಳಿವು ಹಿಡಿದು ಉರಿಯೂತ ಎಬ್ಬಿಸುವ ಟಿಎಲ್‌ಆರ್-4 ಎಂಬ ಜೀನು ಅದರಲ್ಲಿ ಬದಲಾಗಿರುವುದು ಕಂಡಿತು. ಅದಕ್ಕೆ ಉರಿಯೂತ ಕಡಿಮೆ.

ರೀಸಸ್‌ಗಳಲ್ಲೂ ಎಲ್ಲವೂ ಸಮನಾಗಿ ಸಾಯಲಿಲ್ಲ. ಜೀವಕೋಶದೊಳಗಿನ ವೈರಸ್ ತುಣುಕುಗಳನ್ನು ಮೇಲ್ಮೈಗೆ ತಂದು ನಿರೋಧಕ ಕೋಶಗಳಿಗೆ ತೋರಿಸುವ ಜೀನುಗಳಿವೆ. ಭಾರತ ಮೂಲದ ರೀಸಸ್‌ಗಳಲ್ಲಿ ಮಾಮು-ಬಿ 08 ಎಂಬ ಇಂಥ ಜೀನು ಇದ್ದವುಗಳ ಪೈಕಿ ಸುಮಾರು ಅರ್ಧದಷ್ಟು ಔಷಧವಿಲ್ಲದೆಯೇ ವೈರಸ್ಸನ್ನು ಅದುಮಿಟ್ಟವು. ಮನುಷ್ಯರಲ್ಲಿ ಎಚ್‌ಎಲ್‌ಎ-ಬಿ 27, ಬಿ 57 ಎಂಬ ಇಂಥವೇ ಜೀನುಗಳು ಇರುವವರಲ್ಲಿ ಕೆಲವರು ಹಾಗೆಯೇ ಮಾಡುತ್ತಾರೆ. ಮಾಮು-ಬಿ 08 ಹಿಡಿಯುವ ತುಣುಕುಗಳಿಗೂ ಎಚ್‌ಎಲ್‌ಎ-ಬಿ 27 ಹಿಡಿಯುವ ತುಣುಕುಗಳಿಗೂ ಬಹಳ ಹೋಲಿಕೆಯಿದೆ. ಬೋನಿನಲ್ಲಿ ನರಳಿದ ಆ ಕೋತಿಗಳ ಋಣ ನಮ್ಮ ಮೇಲೆ ದೊಡ್ಡದು.

ವೈರಸ್ ಕೋಶದೊಳಗೆ ನುಗ್ಗಲು ಸಿಸಿಆರ್-5 ಎಂಬ ಪ್ರೋಟೀನು ಬಾಗಿಲಿನಂತೆ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಒಬ್ಬರಷ್ಟು ಜನರಿಗೆ ತಂದೆ-ತಾಯಿ ಇಬ್ಬರಿಂದಲೂ ಇದರ ಜೀನಿನ ತುಂಡಾದ ಪ್ರತಿಯೇ ಬಂದಿರುತ್ತದೆ. ಅಂಥವರಿಗೆ ಎಚ್‌ಐವಿ ತಗುಲುವುದು ತೀರಾ ಅಪರೂಪ. 2007ರಲ್ಲಿ ಬರ್ಲಿನ್ನಿನಲ್ಲಿ ಟಿಮೊಥಿ ಬ್ರೌನ್ ಎಂಬ ರೋಗಿಗೆ ರಕ್ತದ ಕ್ಯಾನ್ಸರಿಗೆಂದು ಅಂಥ ದಾನಿಯ ಕಾಂಡಕೋಶ ಕಸಿ ಮಾಡಿದರು. ಅವರು ಎಚ್‌ಐವಿಯಿಂದಲೂ ಮುಕ್ತರಾದರು. ಆಫ್ರಿಕದ ಕೆಂಪು ತಲೆಯ ಮ್ಯಾಂಗಬಿಯಲ್ಲೂ ಇದೇ ಜೀನು ತುಂಡಾಗಿದೆ. ಆದರೆ ಅಲ್ಲಿ ವೈರಸ್ಸೇ ಬದಲಾಗಿ, ಸಿಸಿಆರ್-2 ಎಂಬ ಬೇರೊಂದು ಪ್ರೋಟೀನಿನ ಮೂಲಕ ಒಳಗೆ ಬರುವುದನ್ನು ಕಲಿತಿದೆ.

ಭಾರತೀಯರಲ್ಲಿ ಆ ತುಂಡಾದ ಜೀನು ಬಲು ವಿರಳ. ಆದ್ದರಿಂದ "ನನ್ನ ಮೈ ಗಟ್ಟಿ, ನನಗೇನೂ ಆಗೋದಿಲ್ಲ" ಎಂದು ಯಾರೂ ನಂಬಿ ಕೂರಬಾರದು. ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತದೆ. ಎಚ್‌ಐವಿಯನ್ನು ಅದುಮಿಡುವ ಎಆರ್‌ಟಿ ಗುಳಿಗೆಗಳನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ಅವನ್ನು ತಪ್ಪದೆ ತೆಗೆದುಕೊಂಡು, ಪರೀಕ್ಷೆಗೂ ಸಿಗದಷ್ಟು ವೈರಸ್ ಇಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಇದನ್ನು ಮನೆಮಂದಿಯೂ ತಿಳಿದಿರಬೇಕು.

ಇನ್ನೊಂದು ಜೀನಿನ ಮಾತು ಹೇಳದೆ ಮುಗಿಸಲಾರೆ. ಎಸ್‌ಐವಿಗೆ ಬಲಿಯಾಗುವ ರೀಸಸ್‌ನಲ್ಲಿ ಮನುಷ್ಯರ ಎಚ್‌ಐವಿ-1 ಬೇರೂರಲಾರದು. 2004ರಲ್ಲಿ ಅದರ ಒಂದು ಮುಖ್ಯ ಕಾರಣ ತಿಳಿಯಿತು. ಟ್ರಿಮ್-5 ಆಲ್ಫಾ ಎಂಬ ಪ್ರೋಟೀನು, ಕೋಶದೊಳಗೆ ಬಂದ ವೈರಸ್ಸಿನ ಕವಚವನ್ನು ಹಿಡಿದು, ಅದು ಮುಂದೆ ಸಾಗದಂತೆ ಕೆಡಿಸುತ್ತದೆ. ನಮ್ಮಲ್ಲೂ ಈ ಪ್ರೋಟೀನಿದೆ, ಆದರೆ ಎಚ್‌ಐವಿಯ ಎದುರು ದುರ್ಬಲ. ಪ್ರಯೋಗಶಾಲೆಯಲ್ಲಿ ಅದರ 332ನೆಯ ಸ್ಥಾನದ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದರೆ, ನಮ್ಮ ಪ್ರೋಟೀನೂ ಎಚ್‌ಐವಿಯನ್ನು ತಡೆಯತೊಡಗುತ್ತದೆ. ಅಷ್ಟೇ ಅಂತರ. ಲೆನಾಕಪವಿರ್ ಎಂಬ ಹೊಸ ಔಷಧದ ಗುರಿಯೂ ಅದೇ ಕವಚ. ಆರು ತಿಂಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಟ್ಟರೆ ಸೋಂಕು ತಗುಲದಂತೆ ತಡೆಯುತ್ತದೆ. ಅದನ್ನು ಬಡ ದೇಶಗಳಿಗಾಗಿ ತಯಾರಿಸುವ ಪರವಾನಗಿ 2024ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್, ಹೆಟೆರೊ ಕಂಪನಿಗಳಿಗೂ ಸಿಕ್ಕಿದೆ.